ಇಕ್ಕಟ್ಟಿನ ಅಕ್ಷರ

ಪ್ರೆಸ್ಸಿನ ಕಂಪ್ಯೂಟರಿನ ಮುಂದೆ ಕೂತು ತಂಗಿ ಬ್ಯಾನರಿನ ಅಕ್ಷರಗಳನ್ನು ಅಕ್ಕನ ಕೈಬರಹದಂತೆಯೇ ತಿದ್ದುತ್ತಿದ್ದಳು. ಕುಸುರಿಯಿಲ್ಲದ, ದಪ್ಪನೆಯ, ಹೆಗಲಿಗೆ ಹೆಗಲು ತಾಗಿಸಿ ನಿಂತ ಅಕ್ಷರಗಳು. ಕಾರ್ಖಾನೆಯ ಹೋರಾಟದ ಬ್ಯಾನರುಗಳನ್ನೆಲ್ಲ ಅಕ್ಕ ಬರೆಯುತ್ತಿದ್ದುದೇ ಹೀಗೆ.

"ಅಗಲ ಬರೆದ್ರೆ ನೀನೊಂದು ದಿಕ್ಕು, ನಾನೊಂದು ದಿಕ್ಕು ಆಗ್ತೀವಿ ಕಣೇ," ಎನ್ನುತ್ತಿದ್ದಳು. ಬ್ಯಾನರಿನ ಒಂದು ಕೋಲು ಅವಳದು, ಇನ್ನೊಂದು ತಂಗಿಯದು. ಅಕ್ಷರ ಇಕ್ಕಟ್ಟಾದ್ದರಿಂದ ಬ್ಯಾನರೂ ಗಿಡ್ಡ; ಘೋಷಣೆಗಳ ಗದ್ದಲದಲ್ಲೂ ಅವಳ ಪಿಸುಮಾತಿನ ತಮಾಷೆ ಕೇಳುವಷ್ಟು ಹತ್ತಿರ.

ಕೂಲಿ ಕೇಳಿದ ತಪ್ಪಿಗೆ ಪೊಲೀಸರು ಅವಳನ್ನು ಗೇಟಿನಿಂದಲೇ ಎಳೆದೊಯ್ದರು. ಎಲ್ಲಿಟ್ಟಿದ್ದಾರೆಂದು ಯಾವ ಠಾಣೆಯೂ ಬಾಯಿ ಬಿಡುತ್ತಿಲ್ಲ. ನಾಳಿನ ಮೆರವಣಿಗೆಯ ಬ್ಯಾನರಿಗೆ ಒಂದೇ ಸಾಲು: ನಮ್ಮ ಅಕ್ಕನನ್ನು ನಮಗೆ ಕೊಡಿ.

ಪ್ರೆಸ್ಸಿನ ಯಜಮಾನರು ಇಣುಕಿದರು. "ಸ್ವಲ್ಪ ಅಗಲ ಮಾಡಮ್ಮಾ. ಪಾಪ, ತುಂಬಿದ ಬಸ್ಸಲ್ಲಿ ನಿಂತಂಗೆ ನಿಂತಿವೆ."

"ಮೊದ್ಲು ಆ ತುದಿ ಹಿಡೀರಿ, ಯಜಮಾನ್ರೇ."

ಅಚ್ಚಾದ ಮಾದರಿಯನ್ನು ಇಬ್ಬರೂ ಬಿಚ್ಚಿ ಹಿಡಿದರು. ಯಜಮಾನರು ನಿಂತ ಜಾಗ ನೋಡಿ ತಂಗಿ ತಲೆಯಾಡಿಸಿದಳು. "ಅಕ್ಕ ಇಷ್ಟು ದೂರ ಇರ್ತಿರ್ಲಿಲ್ಲ. ಇನ್ನೂ ಒತ್ತಬೇಕು."

"ಒತ್ತಿದ್ರೆ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗತ್ತೆ ತಾಯೀ. ದೂರದಲ್ಲಿರೋರಿಗೆ ಓದೋಕಾಗಲ್ಲ."

ಆ ಮಾತಿಗೆ ಅವಳು ಮಾದರಿಯ ತುದಿಯನ್ನು ಕೆಳಗಿಟ್ಟಳು. ಮೆರವಣಿಗೆಯ ದಾರಿಯಲ್ಲಿ ಜೈಲಿದೆ; ಅದರ ಎತ್ತರದ ಗೋಡೆಯಲ್ಲಿ ಸಾಲು ಕಿಟಕಿಗಳಿವೆ. ಅಕ್ಕ ಅಲ್ಲೇನಾದರೂ ಇದ್ದರೆ?

ಅವಳು ಮರಳಿ ಕೂತು ಅಕ್ಷರಗಳ ಹೊಟ್ಟೆಯನ್ನು ಒಂದೊಂದಾಗಿ ತೆರೆಯತೊಡಗಿದಳು. ಮೊದಲಿಗಿಂತ ಉದ್ದವಾಗಿ ಬ್ಯಾನರು ಮತ್ತೆ ಅಚ್ಚಾಗಿ ಬಂದಾಗ ಯಜಮಾನರು ತಾವಾಗಿಯೇ ತುದಿ ಹಿಡಿದು, ಅವಳ ಮುಖ ನೋಡದೆ, ಇನ್ನಷ್ಟು ದೂರ ಸರಿದು ನಿಂತರು.