ಎಂಟನೇ ಮುಂದೂಡಿಕೆ

ಚಿತ್ರದ ಎರಡನೇ ಭಾಗ ಏಳನೇ ಸಲ ಮುಂದಕ್ಕೆ ಹೋಯಿತೆಂಬ ಸುದ್ದಿ ಬಂದಾಗ ಮೀನಕ್ಕ ಅಮ್ಮನ ಮಾತ್ರೆಗಾಗಿ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಅಂಗಡಿಯವನು ಫೋನಿನಲ್ಲಿ ಸುದ್ದಿ ಓದಿ ಹಣೆ ಚಚ್ಚಿಕೊಂಡ.

"ಹೋಯ್ತು, ಮತ್ತೆ ಹೋಯ್ತು! ಮೊದಲನೇ ಭಾಗ ನೋಡಿದಾಗ ನನಗೆ ಮದುವೇನೇ ಆಗಿರ್ಲಿಲ್ಲ. ಈಗ ಮಗಳು ಮೂರನೇ ಕ್ಲಾಸು. ಎರಡನೇದಕ್ಕೆ ಮೊಮ್ಮಕ್ಕಳನ್ನ ಕರ್ಕೊಂಡು ಹೋಗ್ಬೇಕೇನೋ."

ಸಾಲಿನಲ್ಲಿದ್ದವರು ನಕ್ಕರು. ಮೀನಕ್ಕನೂ ನಕ್ಕಳು. ಆಮೇಲೆ ಮನೆಗೆ ಬಂದು, ಮಾತ್ರೆ ಮೇಜಿನ ಮೇಲಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು, ದಿಂಬನ್ನು ಬಾಯಿಗೆ ಒತ್ತಿ ಅತ್ತಳು. ದುಃಖಕ್ಕಲ್ಲ. ಹೋದ ಜೀವ ಬಂದಂತಾಗಿತ್ತು.

ಆ ಚಿತ್ರದಲ್ಲಿ ಅವಳೂ ಇದ್ದಾಳೆಂಬುದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೂರದ ಒಂದು ಚಂದ್ರ, ಅದರ ಮೇಲೆ ಮೈಲುಗಟ್ಟಲೆ ದಪ್ಪದ ಹಿಮ, ಹಿಮದ ಕೆಳಗೆ ಕಡಲು, ಆ ಕಡಲಲ್ಲಿ ಕಣ್ಣಿಲ್ಲದ ಜೀವಿಗಳು. ಅವುಗಳಲ್ಲೊಂದು ತಾಯಿ ತನ್ನ ಮರಿಗಳನ್ನು ಹಿಮದ ಬಿರುಕುಗಳಲ್ಲಿ ತಡವುತ್ತ ಸಾಗಿಸುವ ದೃಶ್ಯಕ್ಕೆ ಜನ ಚಿತ್ರಮಂದಿರದಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಆ ತಾಯಿಯ ರಬ್ಬರು ತೊಗಲಿನೊಳಗಿದ್ದವಳು ಮೀನಕ್ಕ. ಮುಖವಾಡಕ್ಕೆ ಕಣ್ಣಿನ ಜಾಗದಲ್ಲಿ ಕೂದಲೆಳೆಯಂಥ ಸೀಳು ಮಾತ್ರ. ಗುಳ್ಳೆ ಕಾಣಬಾರದೆಂದು ಗಾಳಿಯ ಕೊಳವೆಯೂ ಇಲ್ಲ. ಒಂದೇ ಉಸಿರು ತುಂಬಿಕೊಂಡು ನಾಲ್ಕು ನಿಮಿಷ ಇರುತ್ತಿದ್ದಳು. ನೀರಿನಲ್ಲಿ ಮೀನಿನ ಹಾಗೆ ಇರುತ್ತಾಳೆಂದು ಚಿತ್ರತಂಡದವರು ಇಟ್ಟ ಹೆಸರೇ ಅವಳಿಗೆ ಗಟ್ಟಿಯಾಗಿ, ಕೊನೆಗೆ ಸ್ವಂತ ತಮ್ಮನೂ ಬೇರೆಯವರೆದುರು ಹಾಗೇ ಕರೆಯತೊಡಗಿದ್ದ.

ನಿರ್ದೇಶಕನಿಗೂ ಒಂದು ಹೆಸರಿತ್ತು: ಗಡಿಯಾರ. ಯಾವತ್ತೂ ಹೊತ್ತಿಗೆ ಸರಿಯಾಗಿ ನಡೆಯದವನೆಂದು ಹಾಗೆ ಕರೆಯುತ್ತಿದ್ದರು. ಒಂದು ವರ್ಷ ಕಥೆ ಹಿಡಿಸಲಿಲ್ಲ ಎಂದ. ಇನ್ನೊಂದು ವರ್ಷ ತನಗೆ ಬೇಕಾದ ಕ್ಯಾಮೆರಾ ಇನ್ನೂ ಹುಟ್ಟಿಲ್ಲ ಎಂದ. ಆಮೇಲೆ ನೀರಿನ ತೊಟ್ಟಿ ಬಿರುಕು ಬಿಟ್ಟಿತು. ನಾಯಕನ ಕಾಲು ಮುರಿಯಿತು. ಪ್ರತಿ ಸಲವೂ ಹೊಸ ತಾರೀಖು, ಪ್ರತಿ ಸಲವೂ ಅವಳು ಈಜುಕೊಳದಲ್ಲಿ ಆರು ತಿಂಗಳ ಅಭ್ಯಾಸ ಶುರು ಮಾಡುವುದು, ಮತ್ತೆ ನಿಲ್ಲಿಸುವುದು. ಹೀಗೇ ಹತ್ತು ವರ್ಷ ಕಳೆದು ಮೂವತ್ತಮೂರರವಳು ನಲವತ್ತಮೂರರವಳಾದಳು. ಮೊದಮೊದಲು ಮುಂದೂಡಿದ ಸುದ್ದಿ ಕೇಳಿ ಅವಳೂ ಊರವರಂತೆ ರೇಗುತ್ತಿದ್ದಳು. ಅದು ಬದಲಾದದ್ದು ಹದಿನಾಲ್ಕು ತಿಂಗಳ ಹಿಂದಿನ ಒಂದು ಮಂಗಳವಾರ.

ಅವತ್ತು ಮಧ್ಯಾಹ್ನ ಕೊಳದಲ್ಲಿ ಅವಳೂ ತಮ್ಮನೂ ಇಬ್ಬರೇ. ತಮ್ಮ ಕಾವಲು ಈಜುಗಾರ. ಅವಳು ತಳದಲ್ಲಿದ್ದಾಗ ಮೇಲೆ ಸಮಯ ಹಿಡಿದು ನೋಡುತ್ತಿರುವುದು, ಬೇಕಾದರೆ ಹಾರಿ ಎತ್ತುವುದು ಅವನ ಕೆಲಸ. ಅವಳು ಐದು ಮೀಟರ್ ಕೆಳಗೆ ಕಬ್ಬಿಣದ ಬಳೆ ಹಿಡಿದು ಕುಳಿತಿದ್ದಳು. ಎರಡೂವರೆ ನಿಮಿಷಕ್ಕೆ ಎಂದಿನಂತೆ ಎದೆ ಒದ್ದಾಡಿತು, ಹೊಟ್ಟೆ ಸೆಳೆಯಿತು. ಸಹಿಸಿದಳು. ಆಮೇಲೆ ಎಲ್ಲ ಹಗುರಾಯಿತು. ನೀರು ಬೆಚ್ಚಗೆನಿಸಿತು. ಎಳೆಯ ವಯಸ್ಸಿನಲ್ಲಿ ಯಾರದೋ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಹಾಗೆ ಹಾಯಾಯಿತು. ಇನ್ನೂ ಸ್ವಲ್ಪ ಹೊತ್ತು ಇರೋಣ ಅಂದುಕೊಂಡಳು. ಅಷ್ಟೇ ಅವಳಿಗೆ ನೆನಪಿರುವುದು.

ಕಣ್ಣು ಬಿಟ್ಟಾಗ ಕೊಳದ ಅಂಚಿನ ಹಾಸುಗಲ್ಲಿನ ಮೇಲೆ ಬಿದ್ದಿದ್ದಳು. ತಮ್ಮ ಅವಳ ಕೆನ್ನೆಗೆ ಹೊಡೆಯುತ್ತ, "ಅಕ್ಕಾ, ಉಸಿರಾಡು! ಉಸಿರಾಡೇ!" ಎಂದು ಕಿರುಚುತ್ತಿದ್ದ. ಅವನ ಮುಖ ಸುಣ್ಣ ಬಳಿದಂತಾಗಿತ್ತು.

ನಿಯಮ ಸ್ಪಷ್ಟವಾಗಿತ್ತು. ನೀರಿನಲ್ಲಿ ಎಚ್ಚರ ತಪ್ಪಿದರೆ ಅದನ್ನು ಅಭ್ಯಾಸದ ಪುಸ್ತಕದಲ್ಲಿ ಬರೆಯಬೇಕು, ಸುರಕ್ಷತೆಯ ಮುಖ್ಯಸ್ಥೆಗೆ ತಿಳಿಸಬೇಕು, ವೈದ್ಯರು ಒಪ್ಪುವ ತನಕ ಮುಳುಗಬಾರದು. ಅವಳು ತಮ್ಮನ ಕೈ ಹಿಡಿದುಕೊಂಡು, "ಬರೀಬೇಡ ಕಣೋ. ಬರೆದ್ರೆ ನನ್ನ ಕಥೆ ಮುಗೀತು" ಎಂದಳು. ಅವನು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದು, ಕೊನೆಗೆ ‘ಮೂರು ನಿಮಿಷ ಹತ್ತು ಸೆಕೆಂಡು, ತೊಂದರೆ ಇಲ್ಲ’ ಎಂದು ಬರೆದು ಸಹಿ ಹಾಕಿದ.

ಅವತ್ತಿನಿಂದ ನೀರಿನ ಭಯ ಶುರುವಾಯಿತು. ಸತ್ತೇ ಹೋಗುತ್ತಿದ್ದೆ ಎಂಬುದಕ್ಕಿಂತ, ಸಾಯುವಾಗ ಹೆದರಿಕೆಯೇ ಆಗಲಿಲ್ಲ ಎಂಬುದು ಅವಳನ್ನು ಹಿಂಡುತ್ತಿತ್ತು. ಇಷ್ಟು ವರ್ಷ ತನ್ನ ಮೈ ಹೊತ್ತಿಗೆ ಸರಿಯಾಗಿ ಎಚ್ಚರಿಸುತ್ತದೆಂದು ನಂಬಿದ್ದಳು. ಆ ಮೈಯೇ ಬೆನ್ನು ತಟ್ಟಿ ಮಲಗಿಸಿಬಿಟ್ಟಿತ್ತು. ಇನ್ನು ಯಾರನ್ನು ನಂಬುವುದು? ಸ್ನಾನ ಮಾಡುವಾಗ ಮುಖಕ್ಕೆ ನೀರು ಸುರಿದರೆ ಎದೆ ಝಲ್ಲೆನ್ನುತ್ತಿತ್ತು. ಕತ್ತು ಹಿಂದಕ್ಕೆ ಬಾಗಿಸಿ ಕೂದಲಿಗಷ್ಟೇ ನೀರು ಹಾಕಿಕೊಂಡು, ಮುಖವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳತೊಡಗಿದಳು. ಅಭ್ಯಾಸಕ್ಕೆ ಹೋದರೂ ಒಂದೂವರೆ ನಿಮಿಷಕ್ಕೇ ಮೇಲೆ ಬರುತ್ತಿದ್ದಳು. ತಮ್ಮ ತಲೆ ತಗ್ಗಿಸಿ ಪುಸ್ತಕದಲ್ಲಿ ಮೂರೂವರೆ ಎಂದು ಬರೆಯುತ್ತಿದ್ದ. ಒಂದು ಸುಳ್ಳಿಗೆ ಪುಟಗಟ್ಟಲೆ ಸುಳ್ಳು ಜೊತೆಯಾಯಿತು.

ಏಳನೇ ಮುಂದೂಡಿಕೆ ಬದುಕಿಸಿತು. ಆದರೆ ಐದು ತಿಂಗಳಿಗೆಲ್ಲ ಗಡಿಯಾರ ತಾನೇ ಫೋನು ಮಾಡಿದ.

"ಮೀನಕ್ಕಾ, ಈ ಸಲ ಆಕಾಶ ಕಳಚಿ ಬಿದ್ರೂ ನಿಲ್ಲಲ್ಲ. ಇನ್ನು ಮೂರು ವಾರಕ್ಕೆ, ಸೋಮವಾರ, ನಿನ್ನ ಹಿಮದ ಸುರಂಗದ ದೃಶ್ಯ. ಎಲ್ಲದಕ್ಕಿಂತ ಮೊದಲು ಅದೇ ತೆಗೀತೀನಿ. ಖುಷಿ ತಾನೇ?"

"ಖುಷಿ ಸರ್" ಎಂದಳು. ಫೋನು ಇಟ್ಟ ಮೇಲೂ ನಿಂತಲ್ಲೇ ನಿಂತಿದ್ದಳು.

ಅಮ್ಮ ಅಡುಗೆಮನೆಯಿಂದ ಇಣುಕಿ, "ಯಾರೇ ಅದು? ಯಾಕೆ ಹಾಗೆ ನಿಂತಿದೀಯ, ಗರ ಬಡಿದವಳ ಹಾಗೆ?" ಎಂದು ಕೇಳಿದಳು.

"ಶೂಟಿಂಗ್ ಶುರುವಂತೆ ಅಮ್ಮ."

"ಒಳ್ಳೇದಾಯ್ತಲ್ಲ! ಮತ್ತೆ ಮುಖಕ್ಕೆ ನೀರು ಹಾಕ್ಕೊಳ್ಳೋಕೂ ಹೆದರ್ತೀಯಲ್ಲ, ಅದು ಹೇಗೆ ಮಾಡ್ತೀಯ?"

ಮೀನಕ್ಕ ಬೆಚ್ಚಿ ನೋಡಿದಳು. ಅಮ್ಮ ಪಾತ್ರೆ ಒರೆಸುತ್ತಲೇ ಇದ್ದಳು. "ಒಂದೇ ಬಚ್ಚಲು ಇರೋ ಮನೆ ಇದು. ನನಗೆ ಕಣ್ಣು ಮಂಜು, ಕುರುಡಲ್ಲ. ಏನಾಯ್ತು ಅಂತ ನೀನಾಗೇ ಹೇಳ್ತೀಯ ಅಂತ ಕಾದೆ."

ಮೀನಕ್ಕ ಒರೆಸಿಟ್ಟ ಪಾತ್ರೆಗಳನ್ನು ಗೂಡಿಗೆ ಜೋಡಿಸತೊಡಗಿದಳು. ಅಮ್ಮನೂ ಕೆದಕಲಿಲ್ಲ.

ತಮ್ಮ ಮಾತ್ರ ಹೊರಡುವ ಹಿಂದಿನ ದಿನ ಬಂದು ಬಾಗಿಲಲ್ಲೇ ನಿಂತ. "ಹೇಳಿಬಿಡೋಣ ಅಕ್ಕ. ನನ್ನ ಕೈಲಿ ಆಗಲ್ಲ."

"ಹೇಳಿದ್ರೆ ನಿನ್ನ ಸಹಿ ಏನಾಗುತ್ತೆ? ಪುಸ್ತಕದ ತುಂಬ ನಿನ್ನದೇ ಸಹಿ. ಕಾವಲು ಈಜುಗಾರನ ಪರವಾನಗಿ ಹೋದ್ರೆ ಹೆಂಡ್ತಿ ಮಗೂನ ಹೇಗೆ ಸಾಕ್ತೀಯ?"

"ಅದು ನನ್ನ ತಲೆನೋವು."

"ಎರಡೇ ಶಾಟು ಕಣೋ. ಹೇಗೋ ಮುಗಿಸಿಬಿಡ್ತೀನಿ."

ಅವನು ತಿರುಗಿ ಹೊರಟ. ಹೋಗುವಾಗ ಚಪ್ಪಲಿ ಎಡಬಲ ಮಾಡಿಕೊಂಡು ಹಾಕಿಕೊಂಡದ್ದನ್ನು ಅವಳು ನೋಡಿದಳು.

ತೊಟ್ಟಿ ಒಂದು ದೊಡ್ಡ ಗೋದಾಮಿನೊಳಗಿತ್ತು. ಒಂಬತ್ತು ಮೀಟರ್ ಆಳ, ಹಸಿರು ಬೆಳಕು, ತಳದಲ್ಲಿ ಬಿಳಿ ಫೈಬರಿನ ಹಿಮಸುರಂಗ. ಹದಿನೆಂಟು ಮೀಟರ್ ಉದ್ದ, ಒಬ್ಬರು ಮಾತ್ರ ನುಸುಳುವಷ್ಟು ಅಗಲ. ತಿರುಗಲು ಜಾಗವಿಲ್ಲ, ಒಳಗೆ ಹೋದವರು ಇನ್ನೊಂದು ತುದಿಯಲ್ಲೇ ಹೊರಗೆ ಬರಬೇಕು. ತಮ್ಮ ಒಂದು ಬಾಯಲ್ಲಿ, ಇನ್ನೊಬ್ಬ ಕಾವಲುಗಾರ ಇನ್ನೊಂದು ಬಾಯಲ್ಲಿ. ನಡುವೆ ಏನಾದರೂ ಆದರೆ ಇಬ್ಬರೂ ಅವಳನ್ನು ತಲುಪುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಬೆಳಗ್ಗೆ ವೈದ್ಯರು, "ಯಾವತ್ತಾದ್ರೂ ಎಚ್ಚರ ತಪ್ಪಿದ್ದುಂಟಾ?" ಎಂದು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿದ್ದಳು. ತಮ್ಮ ಗೋಡೆ ನೋಡುತ್ತಿದ್ದ.

ಮೊದಲ ಸಲ ಇಳಿದಳು. ರಬ್ಬರು ತೊಗಲು ಎದೆಯನ್ನು ಬಿಗಿದಿತ್ತು. ಸೀಳಿನಿಂದ ಕಂಡದ್ದು ಬಿಳಿ ಬಿಟ್ಟರೆ ಬಿಳಿ. ಕೈಯಿಂದ ಗೋಡೆ ತಡವುತ್ತ ನುಸುಳಿದಳು. ಐದು ಮೀಟರ್. ಆರು. ಹಿಂದೆ ಬೆಳಕಿನ ಬಾಯಿ ಮುಚ್ಚಿಹೋಯಿತು. ಎದೆ ಇನ್ನೂ ಒದ್ದಾಡಿರಲಿಲ್ಲ. ಯಾಕೆ ಒದ್ದಾಡುತ್ತಿಲ್ಲ? ಆಗಲೇ ಆ ಹಂತ ದಾಟಿಹೋಯಿತೇ? ನೀರು ಬೆಚ್ಚಗಿದೆಯೇ? ಹೌದು, ಬೆಚ್ಚಗಿದೆ. ತೊಟ್ಟಿಯ ನೀರನ್ನು ಬೆಳಗ್ಗೆಯೇ ಬಿಸಿ ಮಾಡಿದ್ದರೆಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪಾಗಲಿಲ್ಲ. ಗಾಬರಿಯಲ್ಲಿ ಮೈ ಹೊರಳಿಸಿದಳು. ಮೊಣಕೈ ಗೋಡೆಗೆ ಬಡಿಯಿತು. ತೊಗಲು ಎಲ್ಲೋ ಸಿಕ್ಕಿಕೊಂಡಿತು. ಕಾಲಿನಿಂದ ಒದ್ದು ಒದ್ದು ಹಿಂದಕ್ಕೇ ಜಾರಿ ಹೊರಬಿದ್ದಳು. ತಮ್ಮ ಅವಳ ತೋಳು ಹಿಡಿದು ಮೇಲಕ್ಕೆಳೆದ. ಅವಳು ಮುಖವಾಡ ಕಿತ್ತು ಗಾಳಿ ಎಳೆದುಕೊಂಡಳು. ನೀರಿನೊಳಗೆ ಇದ್ದದ್ದು ಐವತ್ತೆರಡು ಸೆಕೆಂಡು.

ಗಡಿಯಾರ ಕೂಗಾಡಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ಹತ್ತು ವರ್ಷ ನಾನೇ ತಡ ಮಾಡ್ದೆ. ತಪ್ಪು ನಂದು. ನೀನು ಸುಧಾರಿಸ್ಕೋ. ಊಟ ಆದ್ಮೇಲೆ ಹೊಸ ಹುಡುಗೀನ ಇಳಿಸ್ತೀನಿ" ಎಂದ.

ಹೊಸ ಹುಡುಗಿಗೆ ಇಪ್ಪತ್ತೆರಡು. ಮೀನಕ್ಕನಿಗೆ ಬದಲಿಯಾಗಿ ಇರಲೆಂದು ಎರಡು ತಿಂಗಳ ಹಿಂದೆ ಸೇರಿಸಿಕೊಂಡಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮೀನಕ್ಕ ಟವೆಲು ಹೊದ್ದು ಕುಳಿತಿದ್ದಾಗ ಹುಡುಗಿ ಕಾಲಿಗೆ ರಬ್ಬರು ತೊಗಲು ಎಳೆದುಕೊಳ್ಳುತ್ತಿದ್ದಳು. ಮೀನಕ್ಕನಿಗೆ ಒಳಗೊಳಗೇ ನೆಮ್ಮದಿ. ಮುಗಿಯಿತಲ್ಲ. ಯಾರಿಗೂ ಹೇಳಬೇಕಿಲ್ಲ. ತಮ್ಮನೂ ಉಳಿದ.

"ಬೇಜಾರಾಯ್ತಾ ಅಕ್ಕ?" ಹುಡುಗಿ ಕೇಳಿದಳು.

"ಇಲ್ಲಮ್ಮ. ನೀನು ಮಾಡು. ಎಷ್ಟು ನಿಮಿಷ ಇರ್ತೀಯ?"

"ಮೂರೂ ಮುಕ್ಕಾಲು. ಮೊದಲು ಎರಡೂವರೆಗೇ ಹೊಟ್ಟೆ ಕಿವುಚಿ ಸಾಯ್ತಿದ್ದೆ. ಈಗ ಅದನ್ನ ದಾಟೋದು ಕಲ್ತಿದೀನಿ. ದಾಟಿಬಿಟ್ರೆ ಆಮೇಲೆ ಸುಖ ಅಕ್ಕ! ಬೆಚ್ಚಗೆ, ಹಗುರ... ಮೇಲೆ ಬರೋಕೇ ಮನಸ್ಸಾಗಲ್ಲ. ನಿಮಗೂ ಹಾಗೇ ಆಗುತ್ತಲ್ವಾ?"

ಮೀನಕ್ಕ ಟವೆಲು ಸರಿಸಿ ಅವಳತ್ತ ತಿರುಗಿದಳು.

"ಎಷ್ಟು ಸಲ ಆಗಿದೆ ಹಾಗೆ?"

"ಈ ವಾರ ಎರಡು ಸಲ. ಯಾಕೆ?"

ಮೀನಕ್ಕ ಎದ್ದಳು. ಬರಿಗಾಲಲ್ಲೇ ಓಡಿದಳು. ತೊಟ್ಟಿಯ ಬದಿಯಲ್ಲಿ ಸುರಕ್ಷತೆಯ ಮುಖ್ಯಸ್ಥೆ ಗಾಳಿಯ ಸಿಲಿಂಡರುಗಳನ್ನು ಪರೀಕ್ಷಿಸುತ್ತಿದ್ದಳು. ಅರವತ್ತರ ಹೆಂಗಸು, ಕತ್ತಿನಲ್ಲಿ ಸದಾ ಸೀಟಿ. ಎಲ್ಲರೂ ಸೀಟಿಯಮ್ಮ ಎನ್ನುತ್ತಿದ್ದರು. ಗಡಿಯಾರ ಅಲ್ಲೇ ಇದ್ದ. ತಮ್ಮ ಹಗ್ಗ ಸುತ್ತುತ್ತಿದ್ದ. ಮೀನಕ್ಕ ಮೊದಲು ತಮ್ಮನ ಮುಖ ನೋಡಿದಳು. ಅವನಿಗೆ ಅರ್ಥವಾಗಿ, ಹಗ್ಗ ಕೆಳಗಿಟ್ಟ.

"ಆ ಹುಡುಗೀನ ಇಳಿಸಬೇಡಿ" ಎಂದಳು. "ಹೋದ ವರ್ಷ ನನಗೆ ಕೊಳದಲ್ಲಿ ಎಚ್ಚರ ತಪ್ಪಿತ್ತು. ಮುಚ್ಚಿಟ್ಟೆ. ಪುಸ್ತಕದಲ್ಲಿರೋದೆಲ್ಲ ಸುಳ್ಳು. ಇವನ ಕೈಯಲ್ಲಿ ನಾನೇ ಬರೆಸಿದ್ದು. ಎಚ್ಚರ ತಪ್ಪೋಕೆ ಮುಂಚೆ ನನಗೆ ಆದ ಹಾಗೇ ಆ ಹುಡುಗಿಗೂ ಆಗ್ತಿದೆ, ಅವಳಿಗೆ ಗೊತ್ತಿಲ್ಲ. ಆ ಸುರಂಗದಲ್ಲಿ ಆದ್ರೆ ಯಾರೂ ಹೊರಗೆ ತೆಗೆಯೋಕಾಗಲ್ಲ."

ಸೀಟಿಯಮ್ಮ ತಕ್ಷಣ ಸೀಟಿಯನ್ನು ಬಾಯಿಗಿಟ್ಟು ಉದ್ದಕ್ಕೆ ಊದಿದಳು. ಗೋದಾಮಿನಲ್ಲಿದ್ದ ನೂರಿಪ್ಪತ್ತು ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು.

ಗಡಿಯಾರ ಕುರ್ಚಿಯ ಮೇಲೆ ಕುಸಿದು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆಮೇಲೆ, "ಸುರಂಗ ಒಡೀರಿ. ಪಕ್ಕಕ್ಕೆ ಬಾಗಿಲಿರೋದು ಕಟ್ಟಿ" ಎಂದಷ್ಟೇ ಹೇಳಿದ.

ಎಂಟನೇ ಸಲ ಚಿತ್ರ ಮುಂದಕ್ಕೆ ಹೋಯಿತು. ಪತ್ರಿಕೆಗಳಲ್ಲಿ ‘ತಾಂತ್ರಿಕ ಕಾರಣ’ ಎಂದು ಬಂತು. ತಮ್ಮನ ಪರವಾನಗಿಯನ್ನು ಒಂದು ವರ್ಷ ಕಿತ್ತುಕೊಂಡರು. ಅವನು ಹೆಂಡತಿಯ ಅಣ್ಣನ ಪಂಪು ರಿಪೇರಿ ಅಂಗಡಿಯಲ್ಲಿ ಕೂತ. ಮೂರು ವಾರ ಅಕ್ಕನ ಫೋನು ಎತ್ತಲಿಲ್ಲ. ನಾಲ್ಕನೇ ವಾರ ತಾನೇ ಬಂದು, ಅಮ್ಮನ ಪಕ್ಕದಲ್ಲಿ ಕೂತು ಊಟ ಮಾಡಿ, "ನಿದ್ದೆ ಬರ್ತಿದೆ ಈಗ" ಎಂದ. ಅಕ್ಕನ ಕಡೆ ನೋಡಿ ಹೇಳಿದ್ದಲ್ಲ, ಆದರೂ ಅವಳಿಗೇ ಹೇಳಿದ್ದು. ಹುಡುಗಿ ಮಾತ್ರ ಸಿಡಿದುಬಿದ್ದಿದ್ದಳು. "ನಿಮ್ಮ ಕೈಲಿ ಆಗ್ಲಿಲ್ಲ ಅಂತ ನನ್ನ ಹೊಟ್ಟೆ ಮೇಲೆ ಹೊಡೆದ್ರಾ?" ಎಂದು ಎಲ್ಲರೆದುರು ಕೇಳಿದ್ದಳು. ವೈದ್ಯರ ಪರೀಕ್ಷೆಯಾಗಿ, ಅವಳ ಮಿತಿ ಎರಡೂವರೆ ನಿಮಿಷ ಎಂದು ಬರೆದುಕೊಟ್ಟ ಮೇಲೂ ಮುಖ ಕೊಟ್ಟು ಮಾತಾಡಲಿಲ್ಲ.

ಏಳು ತಿಂಗಳಾದ ಮೇಲೆ ಹೊಸ ಸುರಂಗ ಸಿದ್ಧವಾಯಿತು. ಸೀಟಿಯಮ್ಮ ಮೀನಕ್ಕನನ್ನು ಕರೆಸಿ ಕೈಗೆ ಸ್ಟಾಪ್‌ವಾಚು ಕೊಟ್ಟಳು. "ಮುಳುಗೋದು ನಿನ್ನಿಂದ ಆಗಲ್ಲ. ನೋಡೋದು ಆಗುತ್ತೆ. ಅವಳ ಮೇಲೆ ಕಣ್ಣಿಡು."

ಮೀನಕ್ಕ ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ ಕುಳಿತಳು. ಹುಡುಗಿ ಇಳಿದಳು. ಬಿಳಿ ಬಾಯಿಯೊಳಗೆ ಮರೆಯಾದಳು. ಮೂವತ್ತು ಸೆಕೆಂಡು. ಅರವತ್ತು. ಪಕ್ಕದಲ್ಲಿಟ್ಟಿದ್ದ ಕ್ಯಾಮೆರಾದ ಪರದೆಯ ಮೇಲೆ ಒಂದು ರಬ್ಬರು ಕೈ ಹಿಮವನ್ನು ತಡವುತ್ತಿತ್ತು. ಮೀನಕ್ಕ ತನಗೆ ಗೊತ್ತಿಲ್ಲದೆಯೇ ತಾನೂ ಉಸಿರು ಕಟ್ಟಿದ್ದಳು. ಇಲ್ಲಿ ಹಾಯೆನಿಸುವ ಹಂತವೇ ಇರಲಿಲ್ಲ. ಒಂದೊಂದು ಸೆಕೆಂಡೂ ಹಿಂದಿನದಕ್ಕಿಂತ ಭಾರವಾಗಿ ಎದೆಯ ಮೇಲೆ ಕೂರುತ್ತಿತ್ತು. ತಮ್ಮ ಹತ್ತು ವರ್ಷ ಇದನ್ನು ಹೇಗೆ ತಡೆದುಕೊಂಡನೋ. ನೂರ ಇಪ್ಪತ್ತು. ಕೈ ನಿಂತಿತು. ಗೋಡೆ ತಡವುತ್ತಿದ್ದ ಬೆರಳು ಅಲುಗಲಿಲ್ಲ.

ಅವಳು ಕಾಯಲಿಲ್ಲ. ಸನ್ನೆ ಕೊಡಲು ಇಟ್ಟಿದ್ದ ಕಬ್ಬಿಣದ ಕೋಲಿನಿಂದ ತೊಟ್ಟಿಯ ಗೋಡೆಗೆ ಮೂರು ಸಲ ಬಡಿದಳು. ಕಾವಲುಗಾರ ಪಕ್ಕದ ಬಾಗಿಲು ತೆಗೆದು ಹುಡುಗಿಯನ್ನು ಎಳೆದು ಮೇಲಕ್ಕೆ ತಂದ. ಮುಖವಾಡ ತೆಗೆದಾಗ ಹುಡುಗಿಯ ಕಣ್ಣು ಕೆಂಡವಾಗಿತ್ತು.

"ಮರೀನ ಹುಡುಕೋ ಶಾಟು ಅದು! ನಿಂತು ಆಲಿಸ್ಬೇಕು ಅಂತ ಸರ್ ಹೇಳಿದ್ರು. ಯಾಕೆ ಬಡಿದ್ರಿ? ನನಗೆ ಏನೂ ಆಗಿರ್ಲಿಲ್ಲ!"

"ನನಗೆ ಗೊತ್ತಾಗ್ಲಿಲ್ಲ" ಎಂದಳು ಮೀನಕ್ಕ. ಕೋಲನ್ನು ಇನ್ನೂ ಎದೆಗೆ ಅವುಚಿಕೊಂಡಿದ್ದಳು. "ಗೊತ್ತಾಗದಿದ್ರೆ ಬಡೀತೀನಿ. ಇನ್ನೊಂದ್ ಸಲ ಆದ್ರೂ ಬಡೀತೀನಿ. ಬೈಕೋ."

ಹುಡುಗಿ ಬೈಯಲು ಬಾಯಿ ತೆರೆದವಳು ಎದೆಗೆ ಅವುಚಿದ ಆ ಕೋಲನ್ನು ನೋಡಿದಳು. ಅಂಚಿಗೆ ಒರಗಿ ಸ್ವಲ್ಪ ಹೊತ್ತು ಏದುಸಿರು ಬಿಟ್ಟಳು. ಆಮೇಲೆ, "ಬೆರಳು ಆಡಿಸ್ತಾ ಇರ್ತೀನಿ ಬಿಡಿ" ಎಂದು ಗೊಣಗಿ ಮುಖವಾಡ ಎಳೆದುಕೊಂಡಳು.

ಮೀನಕ್ಕ ಸ್ಟಾಪ್‌ವಾಚನ್ನು ಸೊನ್ನೆಗೆ ತಂದು ಮತ್ತೆ ನೀರಿನತ್ತ ಬಾಗಿದಳು.