ದನದ ತಲೆಲೆಕ್ಕ

ದನ ತೇಗಿದರೆ ಲೋಕ ಬಿಸಿಯಾಗುತ್ತದೆ ಎನ್ನುವ ಸಂಗತಿ ಬಂಡೆಹಟ್ಟಿಗೆ ಗೊತ್ತಾಗಿದ್ದು ರಮ್ಯ ಎಂಬ ಹುಡುಗಿಯಿಂದ. ಯಾವುದೋ ಸಂಸ್ಥೆಯ ಪರವಾಗಿ ಸೂಲಿಬೆಲೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು. ಮೆಲುಕು ಹಾಕುವ ದನದ ಹೊಟ್ಟೆಯಿಂದ ಮೀಥೇನ್ ಎನ್ನುವ ಗ್ಯಾಸು ಹೊರಡುತ್ತದೆ, ಬಲಿತ ಹುಲ್ಲು ತಿಂದರೆ ಹೆಚ್ಚು, ಎಳೆಯದು ತಿಂದರೆ ಕಡಿಮೆ ಎಂದು ಅರಳಿಕಟ್ಟೆಯಲ್ಲಿ ಚಿತ್ರ ತೋರಿಸಿ ಹೇಳಿದಳು. ಊರು ಬಿದ್ದು ಬಿದ್ದು ನಕ್ಕಿತು.

"ಹೊಗೆ ಬಿಡೋದು ಹೈವೇ ಲಾರಿ, ಬೈಸ್ಕೊಳ್ಳೋದು ನಮ್ ದನ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು" ಎಂದ ಚಿಕ್ಕಬೀರಪ್ಪ. ಏಳು ನಾಟಿ ದನಗಳನ್ನು ಗೋಮಾಳದಲ್ಲಿ ಮೇಯಿಸುತ್ತಲೇ ಮುದುಕನಾದವನು ಅವನು.

ನಗದೆ ಕೂತಿದ್ದವಳು ಕದಿರಮ್ಮ ಒಬ್ಬಳೇ. ಹಾಲಿನ ಸಂಘದ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿದವರು ಸ್ವಂತ ಮೈದುನನಾದರೂ ಸರಿ, ಎಲ್ಲರೆದುರಿಗೇ ಉಗಿಯುವ ಹೆಂಗಸು. ಅದಕ್ಕೇ ಅವಳ ಮಾತೆಂದರೆ ಊರಿಗೆ ನಂಬಿಕೆ. ಲೋಕದ ಶಾಖ ಅವಳಿಗೂ ಅಷ್ಟಕ್ಕಷ್ಟೆ. ಅವಳ ಚಿಂತೆಯೆಲ್ಲ ಗೋಮಾಳದ್ದು. ನಲವತ್ತೈದು ಎಕರೆ, ಊರ ದನಗಳ ಪಾಲಿನ ಒಂದೇ ಒಂದು ಹುಲ್ಲುಗಾವಲು, ಮೇದು ಮೇದು ಬೋಳುತಲೆಯಾಗಿತ್ತು. ಇನ್ನೆರಡು ವರ್ಷ ಹೀಗೇ ಬಿಟ್ಟರೆ ಅಲ್ಲಿ ಕಲ್ಲು ಬಿಟ್ಟು ಇನ್ನೇನೂ ಇರುವುದಿಲ್ಲ ಎಂದು ಅವಳಿಗೆ ಹೆದರಿಕೆ.

ರಮ್ಯ ಹೇಳಿಕೊಟ್ಟಿದ್ದು ಎರಡು. ಗೋಮಾಳವನ್ನು ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸಿ, ಮೂರಕ್ಕೆ ವಿಶ್ರಾಂತಿ ಕೊಡಿ. ಹಾಲು ಕೊಡದೆ ಬರೀ ಗ್ಯಾಸು ಬಿಡುವ ದನಗಳನ್ನು ಮಾರಿ ಕಳಿಸಿ, ಕೆಲವನ್ನೇ ಚೆನ್ನಾಗಿ ಸಾಕಿ.

ಮೊದಲನೆಯದು ಸುಲಭವಾಯಿತು. ಎರಡನೆಯದಕ್ಕೆ ಕದಿರಮ್ಮ ಮೊದಲು ತನ್ನ ಕೊಟ್ಟಿಗೆಯ ಹಗ್ಗವನ್ನೇ ಬಿಚ್ಚಬೇಕಾಯಿತು. ಕೆಂದಿ ಹನ್ನೊಂದು ಕರು ಹಾಕಿದ ಹಸು, ಬತ್ತಿಹೋಗಿ ಮೂರು ವರ್ಷ. ಟೆಂಪೋ ಹತ್ತಿಸುವಾಗ ಅದು ಹಿಂದಿರುಗಿ ನೋಡಿತು. ಕದಿರಮ್ಮ ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆದರೆ ಕದಿರಮ್ಮನೇ ಕಳಿಸಿದಳಲ್ಲ ಎಂದು ಊರೂ ಕಳಿಸಿತು. ಚಿಕ್ಕಬೀರಪ್ಪನೂ ಗೊಣಗುತ್ತಾ ನಾಲ್ಕು ಕಳಿಸಿ ಮೂರು ಉಳಿಸಿಕೊಂಡ. ನೂರೈವತ್ತು ದನವಿದ್ದ ಊರಲ್ಲಿ ಅರವತ್ತು ಉಳಿದವು.

ಮಳೆಗಾಲ ಮುಗಿಯುವ ಹೊತ್ತಿಗೆ ಗೋಮಾಳದಲ್ಲಿ ಮೊಣಕಾಲುದ್ದ ಹುಲ್ಲು. ಚಿಕ್ಕಬೀರಪ್ಪ ಒಂದು ಎಸಳು ಕಿತ್ತು ಅಗಿದು ನೋಡಿ, "ನಮ್ಮಪ್ಪನ ಕಾಲ್ದಲ್ಲಿ ಹಿಂಗಿತ್ತು ಕಣಮ್ಮ" ಎಂದ. ಅವತ್ತು ಕದಿರಮ್ಮ ಎರಡು ಮುದ್ದೆ ಉಂಡಳು.

ಕಾರ್ತಿಕದಲ್ಲಿ ತಾಲ್ಲೂಕು ಕಚೇರಿಯಿಂದ ಅಳತೆಯವರು ಬಂದರು. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಎನ್ನುವುದು ಹಳೆಯ ಲೆಕ್ಕ. ಅರವತ್ತಕ್ಕೆ ಹದಿನೆಂಟು ಸಾಕು, ಮಿಕ್ಕ ಇಪ್ಪತ್ತೇಳು ಎಕರೆ ಹೆಚ್ಚುವರಿ, ಅದು ಹೈವೇ ಪಕ್ಕ ಕಟ್ಟುವ ಗೋಡೌನಿಗೆ ಹೋಗುತ್ತದೆ ಎಂದರು. ಹುಲ್ಲಿರುವ ಕಡೆಯೆಲ್ಲ ಹೆಚ್ಚುವರಿ. ಬಂಡೆಯ ಕಡೆ ದನಕ್ಕೆ.

"ಮೂರು ಭಾಗ ದನಾನೇ ಬಿಟ್ಟಿಲ್ಲ, ಹುಲ್ಲು ಹಂಗೇ ನಿಂತೈತೆ. ನಿಮಗೆ ಬೇಡ ಅಂತ್ಲೇ ಅಲ್ವಾ?" ಎಂದ ಅಳತೆಯವನು. ಬೇಕೂಂತಲೇ ಬಿಟ್ಟಿಲ್ಲ ಎಂದು ಕದಿರಮ್ಮ ಎಷ್ಟು ಹೇಳಿದರೂ ಅವನ ಹಾಳೆಯಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ. ಹೆಚ್ಚೆಂದರೆ ಇನ್ನೊಮ್ಮೆ ದನ ಎಣಿಸುತ್ತೇವೆ ಎಂದ.

ಎಣಿಕೆಯ ಹಿಂದಿನ ದಿನ ಊರಿಗೆ ಊರೇ ದನ ಕೇಳಿಕೊಂಡು ನೆಂಟರ ಮನೆಗಳಿಗೆ ಓಡಿತು. ಸಮೇತನಹಳ್ಳಿಯ ಬೀಗರು, ಅಕ್ಕತಂಗಿಯರು, ಕೊಟ್ಟ ಹೆಣ್ಣಿನ ಮನೆಯವರು, ಯಾರೂ ಇಲ್ಲ ಎನ್ನಲಿಲ್ಲ. ಬೆಳಗಾಗುವುದರೊಳಗೆ ತೊಂಬತ್ತು ದನ ಸಾಲಾಗಿ ಬಂದು ನಿಂತವು. ಎಂದೂ ಸುಳ್ಳು ಹೇಳದ ಕದಿರಮ್ಮ ಅವುಗಳ ಮುಂದೆ ನಿಂತು, "ಎಲ್ಲಾ ನಮ್ದೇ ಸ್ವಾಮಿ" ಎಂದಳು.

ಎಣಿಸುವವನು ಮೊದಲ ಹಸುವಿಗೆ ಪಶು ಇಲಾಖೆ ಚುಚ್ಚಿದ ಹಳದಿ ಕಿವಿಯೋಲೆಗೆ ಮೊಬೈಲು ಹಿಡಿದ. ಅದರ ನಂಬರಿನಲ್ಲಿ ದನದ ಊರು, ಒಡೆಯನ ಹೆಸರು ಎಲ್ಲಾ ಇರುತ್ತದೆ. ಕದಿರಮ್ಮನಿಗೆ ಆಗ ನೆನಪಾಯಿತು. ತನ್ನೂರಿನ ಪ್ರತಿಯೊಂದು ದನಕ್ಕೂ ಅದನ್ನು ಚುಚ್ಚಿಸುವಾಗ ಕೊಂಬು ಹಿಡಿದು ನಿಂತವಳು ತಾನೇ. ಬೇರೆ ಊರುಗಳವರೂ ಚುಚ್ಚಿಸಿರುತ್ತಾರೆ ಎಂದು ತನಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು?

"ಇದು ಸಮೇತನಹಳ್ಳೀದು. ಇದೂ ಅಲ್ಲೀದೇ" ಎನ್ನುತ್ತಾ ಅವನು ಮುಂದೆ ಹೋದ. ಕದಿರಮ್ಮ ತಲೆ ತಗ್ಗಿಸಿದಳು. ನೀರು ಬೆರೆಸಿ ಸಿಕ್ಕಿಬಿದ್ದವರು ತನ್ನೆದುರು ಹೀಗೇ ನಿಲ್ಲುತ್ತಿದ್ದರು.

ಜೆಸಿಬಿ ಬಂದ ವಾರ ರಮ್ಯಳೂ ಬಂದಳು. ವರ್ಷದ ಕೊನೆಯ ವರದಿ ಬರೆಯಬೇಕಿತ್ತು. ಬೇಲಿಯಾಚೆ ಹುಲ್ಲು ಬೇರು ಸಮೇತ ಮಣ್ಣಿನ ರಾಶಿಯಾಗುತ್ತಿರುವುದನ್ನು ನೋಡುತ್ತಾ ಅವಳು ವರದಿಯ ಹಾಳೆ ಹಿಡಿದು ನಿಂತಳು. ಚಿಕ್ಕಬೀರಪ್ಪ ಉಳಿದ ಮೂರು ದನಗಳನ್ನೂ ಸಂತೆಗೆ ಹೊಡೆದುಕೊಂಡು ಹೊರಟಿದ್ದ. ಬಂಡೆ ನೆಕ್ಕಿಸಿ ಸಾಕುವುದು ಅವನ ಕೈಲಾಗದು.

"ಬೀರಣ್ಣ, ಬೈದಾದ್ರೂ ಹೋಗು" ಎಂದಳು ಕದಿರಮ್ಮ.

ಅವನು ಅವಳನ್ನು ಬೈಯಲಿಲ್ಲ. ರಮ್ಯಳ ಕೈಯ ಹಾಳೆ ನೋಡಿ ನಿಂತ.

"ಬರ್ಕೊಳ್ಳವ್ವ. ಬಂಡೆಹಟ್ಟೀಲಿ ಇನ್ಮೇಲೆ ಗ್ಯಾಸೇ ಇರಲ್ಲ" ಎಂದು ಹೇಳಿ, ದನಗಳನ್ನು ರಸ್ತೆಗೆ ತಿರುಗಿಸಿದ.