ಎರಡೂ ಎಡತೋಳು

ಕತ್ತರಿ ಕೆಳಗಿಟ್ಟ ಮೇಲೇ ಗೊತ್ತಾದದ್ದು. ಅಯ್ಯೋ ದೇವರೇ, ಎರಡು ತೋಳೂ ಎಡಗೈಯವೇ! ಕಾಗದದ ಮಾದರಿಯನ್ನು ಎರಡನೆಯ ಸಲ ಮಗುಚಿ ಇಡಬೇಕಿತ್ತು. ಆಂಟಿ ಹಾಗೇ ಇಟ್ಟು ಕತ್ತರಿಸಿಬಿಟ್ಟಿದ್ದಳು. ಒಂದೇ ಮಗ್ಗುಲಿಗೆ ಹೂವಿದ್ದ ಬಟ್ಟೆ, ತಿರುಗಿಸಿ ಹೊಲಿಯುವ ಹಾಗೂ ಇಲ್ಲ.

ಹೊಲಿಗೆ ಕ್ಲಾಸಿನಲ್ಲಿ ಎಲ್ಲರಿಗೂ ಅವಳು ‘ಆಂಟಿ’. ಉಳಿದವರೆಲ್ಲ ಈಗಷ್ಟೇ ಕಾಲೇಜು ಮುಗಿಸಿದ ಹುಡುಗಿಯರು. ಇವಳೋ, ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲೇ ಅರ್ಧ ಆಯಸ್ಸು ಸವೆಸಿ, ತಾಯಿ ಹೋದ ಮೇಲೆ ಖಾಲಿ ಮನೆಯಲ್ಲಿ ಕೂರಲಾರದೆ ಬಂದವಳು. ಊಟದ ಹೊತ್ತಿಗೆ ಹುಡುಗಿಯರು ಗುಂಪು ಕಟ್ಟಿಕೊಂಡು ಕಿಲಕಿಲ ನಗುತ್ತ ಹೊರಟರು. ಕರೆಯಬಾರದು ಅಂತಲ್ಲ, ಪಾಪ, ಯಾರಿಗೂ ನೆನಪಾಗಲಿಲ್ಲ.

“ಕತ್ತೆ! ಕೋಣ! ಈ ವಯಸ್ಸಲ್ಲಿ ನಿನಗ್ಯಾಕೆ ಬೇಕಿತ್ತು ಈ ಉಸಾಬರಿ?” ಒಬ್ಬಳೇ ಬೈದುಕೊಳ್ಳುತ್ತ ಟೇಪನ್ನು ಚೀಲಕ್ಕೆ ತುರುಕಿದಳು. ನಾಳೆಯಿಂದ ಬರುವುದಿಲ್ಲ, ಮುಗಿಯಿತು. ಮತ್ತೆ ಆ ಮನೆಯ ನಾಲ್ಕು ಗೋಡೆಗಳೇ ಗತಿ.

“ಯಾರಿಗ್ರೀ ಬೈತಿದ್ದೀರಾ?” ಬಾಗಿಲಲ್ಲಿ ಮೇಡಂ ನಿಂತಿದ್ದರು.

“ಇನ್ಯಾರಿಗೆ? ನನಗೇ.”

ಮೇಡಂ ತೋಳುಗಳನ್ನು ಎತ್ತಿ ನೋಡಿದರು. “ಓಹೋ, ಎರಡೂ ಎಡ. ಹೋದ ವಾರ ಕಿಟಕಿ ಹತ್ರದ ಹುಡುಗಿ ಎರಡೂ ಬಲ ಕತ್ತರಿಸಿದ್ಲು. ಇಬ್ರೂ ಮೊದಲೇ ಮಾತಾಡ್ಕೊಂಡಿದ್ರೆ ಎರಡು ಅಂಗಿ ಆಗ್ತಿತ್ತು! ಅವಳು ಅತ್ತಾಗ ನೀವೇನಂದ್ರಿ?”

“ಬಿಡಮ್ಮ, ಹೋಗಿದ್ದು ಬಟ್ಟೆ ತಾನೇ, ಕೈಯಲ್ಲವಲ್ಲ ಅಂದೆ. ಅದಿನ್ನೂ ಚಿಕ್ಕದು ಮೇಡಂ.”

“ನನ್ನ ಹತ್ರ ಕಲಿಯೋರನ್ನ ಕತ್ತೆ, ಕೋಣ ಅನ್ನೋಕೆ ನಾನೇ ಹಿಂದೆಮುಂದೆ ನೋಡ್ತೀನಿ. ನಿಮಗ್ಯಾರ್ರೀ ಕೊಟ್ರು ಆ ಅಧಿಕಾರ?”

ಆಂಟಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು. ಮೇಡಂ ಸಮಾಧಾನ ಹೇಳಲಿಲ್ಲ. ಉಳಿದಿದ್ದ ತುಂಡು ಬಟ್ಟೆ ತಂದಿಟ್ಟು ತಮ್ಮ ಪಾಡಿಗೆ ಹೋದರು. ಅವಳು ಮೂಗು ಒರೆಸಿಕೊಂಡು ಮಾದರಿಯನ್ನು ಮಗುಚಿಟ್ಟಳು. ಕತ್ತರಿ ಆಡಿಸಿದಳು, ಅಂಚು ಸ್ವಲ್ಪ ಸೊಟ್ಟಗಾಯಿತು. ಆಗಲಿ, ಅಂತೂ ಒಂದು ಬಲತೋಳು ಹುಟ್ಟಿತು.

ಸಂಜೆ ಬೀಗ ತೆಗೆದು ಒಳಗೆ ಬಂದಳು. ‘ನೋಡು’ ಅಂತ ತೋರಿಸೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಒಬ್ಬಳಿಗೋಸ್ಕರ ಏನು ಬೇಯಿಸುವುದು ಎಂದು ಎಷ್ಟೋ ದಿನ ನೀರು ಕುಡಿದು ಮಲಗಿದವಳು ಅವಳು. ಇಂದು ದೀಪ ಹಾಕಿ, ಇಷ್ಟು ವರ್ಷ ತಾಯಿಯನ್ನು ಕೇಳುತ್ತಿದ್ದ ಅದೇ ದನಿಯಲ್ಲಿ ತನ್ನನ್ನೇ ಕೇಳಿಕೊಂಡಳು:

“ಮಧ್ಯಾಹ್ನದಿಂದ ಏನೂ ತಿಂದಿಲ್ಲ ಅಲ್ವಾ ನೀನು? ಬಾ, ಕೂತ್ಕೋ. ಬಿಸಿಯಾಗಿ ಏನಾದ್ರೂ ಮಾಡ್ಕೊಡ್ತೀನಿ.”

ಒಲೆ ಹಚ್ಚಿದಳು.